ಕಾರ್ಡಿನ ಹೆಸರಿಗಲ್ಲ, ಆಡುವ ಆಟಕ್ಕೆ ಹಣ ಹಾಕಿ: ಪಿಸಿ ಆಟಗಳ ಪ್ರಶ್ನೋತ್ತರ

ಪಿಸಿ ಆಟಗಳ ಬಗ್ಗೆ ಪ್ರಶ್ನೆ ಕಳುಹಿಸಿ ಎಂದು ಕೋರಿದ್ದಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಆಟದ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್ ಯಾವುದನ್ನು ಕೊಳ್ಳಬೇಕು ಎಂಬುದರ ಸುತ್ತಲೇ ಇವೆ. ಒಂದೇ ಬಗೆಯ ಪತ್ರಗಳಲ್ಲಿ ಒಂದೊಂದನ್ನು ಆರಿಸಿಕೊಂಡು ಇಲ್ಲಿ ಉತ್ತರಿಸಿದ್ದೇನೆ. ವಿಂಡೋಸ್‌ಗೂ ಹಿಂದಿನ ಡಾಸ್ ಕಾಲದಿಂದ ಆಡುತ್ತಾ ಬಂದವನೊಬ್ಬನ ಅಭಿಪ್ರಾಯಗಳಿವು; ಒಪ್ಪದಿರಲು ಓದುಗರು ಸ್ವತಂತ್ರರು.

ಪ್ರಶ್ನೆ: ಮಗ ಈ ವರ್ಷ ಎಂಜಿನಿಯರಿಂಗ್ ಸೇರಿದ್ದಾನೆ. ಓದಿಗೂ ಆಟಕ್ಕೂ ಆಗುವ ಲ್ಯಾಪ್‌ಟಾಪ್ ಬೇಕಂತೆ. ಅಂಗಡಿಗೆ ಹೋದರೆ ಆರ್‌ಟಿಎಕ್ಸ್ 4060 ಎಂದು ಬರೆದ ಎರಡು ಲ್ಯಾಪ್‌ಟಾಪ್‌ಗಳನ್ನು ತೋರಿಸಿದರು. ಬೆಲೆಯಲ್ಲಿ ಮಾತ್ರ ಬಹಳ ಅಂತರ. ದುಬಾರಿಯದನ್ನೇ ಕೊಳ್ಳಬೇಕೆ?
— ಪೋಷಕರು, ಶಿವಮೊಗ್ಗ

ಉತ್ತರ: ಬೆಲೆಯನ್ನು ಪಕ್ಕಕ್ಕಿಟ್ಟು, ಆ ಎರಡರಲ್ಲಿ ಗ್ರಾಫಿಕ್ಸ್ ಚಿಪ್‌ಗೆ ಎಷ್ಟು ವ್ಯಾಟ್ ವಿದ್ಯುತ್ ಕೊಡಲಾಗಿದೆ ಎಂದು ಮೊದಲು ಕೇಳಿ. ಲ್ಯಾಪ್‌ಟಾಪಿನ ಆರ್‌ಟಿಎಕ್ಸ್ 4060 ಚಿಪ್ಪನ್ನು 35 ವ್ಯಾಟ್‌ನಿಂದ 115 ವ್ಯಾಟ್‌ವರೆಗೆ ಎಲ್ಲಿ ಬೇಕಾದರೂ ನಿಲ್ಲಿಸಿಕೊಳ್ಳಲು ಎನ್‌ವಿಡಿಯಾ ಕಂಪನಿಯು ಲ್ಯಾಪ್‌ಟಾಪ್ ತಯಾರಕರಿಗೆ ಅವಕಾಶ ಕೊಟ್ಟಿದೆ. ತೆಳ್ಳಗೆ, ಹಗುರವಾಗಿ ಮಾಡಿದ ಯಂತ್ರದಲ್ಲಿ ಬಿಸಿಯನ್ನು ಹೊರಹಾಕಲು ಜಾಗವಿರುವುದಿಲ್ಲವಾದ್ದರಿಂದ ಅದೇ ಚಿಪ್ಪಿಗೆ ಕಡಿವಾಣ ಹಾಕಿರುತ್ತಾರೆ. ಹೊರಗಿನ ಚೀಟಿಯಲ್ಲಿ ಮಾತ್ರ ಎರಡಕ್ಕೂ ಒಂದೇ ಹೆಸರು. ಹೀಗಾಗಿ ಹೆಚ್ಚು ವ್ಯಾಟ್ ಪಡೆಯುವ ದಪ್ಪ ಯಂತ್ರವು ನೋಡಲು ಚೆಂದವಿರುವ ದುಬಾರಿ ಯಂತ್ರಕ್ಕಿಂತ ಚೆನ್ನಾಗಿ ಆಡಿಸುವುದೂ ಉಂಟು. ಈ ಅಂಕಿ ತಯಾರಕರ ಜಾಲತಾಣದಲ್ಲಿ ಸಣ್ಣಕ್ಷರಗಳಲ್ಲಿ ಇರುತ್ತದೆ. ಅಂಗಡಿಯವರು ಹೇಳಲಾರೆವೆಂದರೆ ಮಾದರಿ ಸಂಖ್ಯೆಯನ್ನು ಬರೆದುಕೊಂಡು ಮನೆಗೆ ಬಂದು ಹುಡುಕಿ, ಆಮೇಲೆ ದುಡ್ಡು ಕೊಡಿ.

ಎರಡನೆಯದಾಗಿ, ರ‍್ಯಾಮ್ ಬದಲಿಸಲು ಬರುತ್ತದೆಯೇ ಎಂದು ಕೇಳಿ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಅದನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ; ಗ್ರಾಫಿಕ್ಸ್ ಚಿಪ್ ಅಂತೂ ಬಹುತೇಕ ಎಲ್ಲದರಲ್ಲೂ ಹಾಗೆಯೇ ಇರುತ್ತದೆ. ಆಟಕ್ಕೆಂದು ಕೊಂಡ ಲ್ಯಾಪ್‌ಟಾಪ್ ಬ್ಯಾಟರಿಯ ಮೇಲೆ ಅರ್ಧ ಬಲದಲ್ಲಿಯೂ ಆಡಿಸುವುದಿಲ್ಲ, ಆಡುವಾಗ ಫ್ಯಾನಿನ ಸದ್ದು ಹಾಸ್ಟೆಲ್ಲಿನ ಪಕ್ಕದ ಮಂಚದವನಿಗೂ ಕೇಳಿಸುತ್ತದೆ, ಚಾರ್ಜರೇ ಒಂದು ಹೊರೆ ಎಂಬುದನ್ನು ಮಗನಿಗೂ ಈಗಲೇ ತಿಳಿಸಿರಿ.

ಅವನು ಮನೆಯಿಂದಲೇ ಕಾಲೇಜಿಗೆ ಹೋಗುವುದಾದರೆ ನನ್ನ ಸಲಹೆ ಬೇರೆ. ಓದಿಗೆ ಸಾಧಾರಣವಾದ ಲ್ಯಾಪ್‌ಟಾಪ್ ಕೊಡಿಸಿ, ಆಟಕ್ಕೆ ಡೆಸ್ಕ್‌ಟಾಪನ್ನು ನಿಧಾನವಾಗಿ ಕಟ್ಟಿಕೊಳ್ಳಲಿ. ಬಿಡಿಭಾಗ ಬದಲಿಸಿ ಬದುಕಿಸಿಕೊಳ್ಳುವ ಸೌಲಭ್ಯವೇ ಡೆಸ್ಕ್‌ಟಾಪಿನ ದೊಡ್ಡ ಗುಣ. ಎಎಮ್‌ಡಿಯ ಎಎಮ್4 ಸಾಕೆಟ್ಟನ್ನೇ (ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ) ನೋಡಿ: 2017ರಲ್ಲಿ ಮೊದಲ ರೈಜನ್ ಪ್ರೊಸೆಸರ್ ಜತೆ ಕೊಂಡ ಎಷ್ಟೋ ಮದರ್‌ಬೋರ್ಡ್‌ಗಳು, ಬಯಾಸ್ (ಬೋರ್ಡಿನಲ್ಲೇ ಇರುವ ಮೂಲ ತಂತ್ರಾಂಶ) ನವೀಕರಿಸಿದ ಮೇಲೆ, 2022ರಲ್ಲಿ ಬಂದ ರೈಜನ್ 7 5800ಎಕ್ಸ್3ಡಿ ಪ್ರೊಸೆಸರನ್ನೂ ಒಪ್ಪಿಕೊಂಡವು. ಬೋರ್ಡು, ಪೆಟ್ಟಿಗೆ, ಪವರ್ ಸಪ್ಲೈ ಯಾವುದನ್ನೂ ಮುಟ್ಟದೆ ಐದು ವರ್ಷದ ಅಂತರವನ್ನು ಹೀಗೆ ಜಿಗಿಯುವುದು ಲ್ಯಾಪ್‌ಟಾಪಿನಲ್ಲಿ ಸಾಧ್ಯವಿಲ್ಲ.

ಪ್ರಶ್ನೆ: ಕಚೇರಿಯೊಂದು ಮಾರಿದ ಹಳೆಯ ಕಂಪ್ಯೂಟರನ್ನು ಕಡಿಮೆ ಬೆಲೆಗೆ ಕೊಂಡಿದ್ದೇನೆ. ಇಂಟೆಲ್ ಐ5 ನಾಲ್ಕನೆಯ ಪೀಳಿಗೆ, ತೆಳ್ಳನೆಯ ಪೆಟ್ಟಿಗೆ. ಇದಕ್ಕೆ ಗ್ರಾಫಿಕ್ಸ್ ಕಾರ್ಡ್ ಹಾಕಿ ಆಟ ಆಡಬಹುದೇ?
— ಪದವಿ ವಿದ್ಯಾರ್ಥಿ, ದಾವಣಗೆರೆ

ಉತ್ತರ: ಹಾಕಬಹುದು, ಆದರೆ ಅಳತೆ ಟೇಪು ಹಿಡಿದುಕೊಂಡೇ ಅಂಗಡಿಗೆ ಹೋಗಬೇಕು. ಕಚೇರಿ ಕಂಪ್ಯೂಟರ್‌ಗಳ ತೆಳ್ಳನೆಯ ಪೆಟ್ಟಿಗೆಯಲ್ಲಿ ಅರ್ಧ ಎತ್ತರದ ಕಾರ್ಡ್ ಮಾತ್ರ ಹಿಡಿಸುತ್ತದೆ. ಅದರ ಪವರ್ ಸಪ್ಲೈ ಸಾಮಾನ್ಯವಾಗಿ ಆ ಕಂಪನಿಯದ್ದೇ ವಿಶಿಷ್ಟ ಆಕಾರದ್ದು, ಕಾರ್ಡಿಗೆ ಪ್ರತ್ಯೇಕ ವಿದ್ಯುತ್ ಕೊಡುವ ತಂತಿಯೂ ಅದರಲ್ಲಿ ಇರುವುದು ಅಪರೂಪ. ಆದ್ದರಿಂದ ಮದರ್‌ಬೋರ್ಡಿನ ಸ್ಲಾಟ್ ಕೊಡುವ 75 ವ್ಯಾಟ್‌ನಲ್ಲೇ ನಡೆಯುವ ಕಾರ್ಡನ್ನು ಹುಡುಕಬೇಕಾಗುತ್ತದೆ. 2014ರಲ್ಲಿ ಬಂದ ಜಿಟಿಎಕ್ಸ್ 750 ಟಿಐ 60 ವ್ಯಾಟ್‌ನ ಕಾರ್ಡ್; ಇಂಥ ಪೆಟ್ಟಿಗೆಗಳಿಗೆ ವರ್ಷಗಟ್ಟಲೆ ಅದೇ ಆಸರೆಯಾಗಿತ್ತು. ಆದರೆ 2025ರ ಅಕ್ಟೋಬರಿನಿಂದ ಆ ಪೀಳಿಗೆಗೆ ಹೊಸ ಆಟಗಳಿಗೆಂದು ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) ಬರುವುದು ನಿಂತಿದೆ, ಇನ್ನು ಭದ್ರತಾ ತಿದ್ದುಪಡಿಗಳಷ್ಟೇ. 2019ರ ಜಿಟಿಎಕ್ಸ್ 1650 ಕಾರ್ಡಿನಲ್ಲಿ ಪ್ರತ್ಯೇಕ ತಂತಿ ಬೇಡದ, ಅರ್ಧ ಎತ್ತರದ ಮಾದರಿಗಳಿವೆ. ಅದು ಸಿಕ್ಕರೆ ನಿಮಗೆ ಒಳ್ಳೆಯದು. 2022ರ ಆರ್‌ಎಕ್ಸ್ 6400 ಕೂಡ ಈ ಗಾತ್ರಕ್ಕೆ ಒಪ್ಪುತ್ತದೆ, ಆದರೆ ಅದು ಮದರ್‌ಬೋರ್ಡಿನೊಡನೆ ನಾಲ್ಕೇ ದಾರಿಗಳಲ್ಲಿ ಮಾತಾಡುವ ಕಾರ್ಡ್. ನಿಮ್ಮ ಬೋರ್ಡಿನಂಥ ಹಳೆಯ, ಮೂರನೆಯ ಪೀಳಿಗೆಯ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿನಲ್ಲಿ ಆ ದಾರಿ ಇನ್ನೂ ಕಿರಿದಾಗಿ, ಹೊಸ ಬೋರ್ಡಿನಲ್ಲಿ ಕೊಡುವಷ್ಟು ವೇಗವನ್ನು ಅದು ಇಲ್ಲಿ ಕೊಡಲಾರದು. ಹೊಸ ಕಾರ್ಡಾದರೆ ಸಾಕು ಎಂಬ ಮಾತನ್ನು ನಂಬುವ ಮೊದಲು ಇದನ್ನು ಯೋಚಿಸಿ.

ಕಾರ್ಡಿಗೂ ಮೊದಲು ಹಳೆಯ ಹಾರ್ಡ್ ಡಿಸ್ಕನ್ನು ತೆಗೆದು ಸಾಟಾ ಎಸ್‌ಎಸ್‌ಡಿ (ತಿರುಗುವ ತಟ್ಟೆಯಿಲ್ಲದ, ವೇಗದ ಡಿಸ್ಕ್) ಹಾಕಿ; ಯಂತ್ರ ಚುರುಕಾಯಿತೆಂದು ನಿಮಗೆ ಮೊದಲು ಅನ್ನಿಸುವುದು ಅಲ್ಲಿಯೇ. ರ‍್ಯಾಮ್ ಒಂದೇ ಪಟ್ಟಿಯಾಗಿದ್ದರೆ ಅಷ್ಟೇ ಗಾತ್ರದ ಇನ್ನೊಂದನ್ನು ಪಕ್ಕದಲ್ಲಿ ಹಾಕಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿದಿದೆ, ನಿಮ್ಮ ಪ್ರೊಸೆಸರ್ ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿಲ್ಲ. ವಿಂಡೋಸಿನ ಬದಲು ಬಳಸಬಹುದಾದ ಲಿನಕ್ಸ್ ಕಲಿಯಲು ಇದೇ ಸಕಾಲ. 2018ರಲ್ಲಿ ವಾಲ್ವ್ ಕಂಪನಿ ತಂದ ಪ್ರೋಟಾನ್ ತಂತ್ರಾಂಶದಿಂದಾಗಿ ಅದರ ಆನ್‌ಲೈನ್ ಆಟದ ಮಳಿಗೆಯಾದ ಸ್ಟೀಮ್‌ನಲ್ಲಿರುವ ವಿಂಡೋಸ್ ಆಟಗಳಲ್ಲಿ ಬಹುಪಾಲು ಈಗ ಲಿನಕ್ಸಿನಲ್ಲಿಯೂ ನಡೆಯುತ್ತವೆ. ವ್ಯಾಲೊರಂಟ್‌ನಂಥ, ಮೋಸ ತಡೆಯುವ ತಂತ್ರಾಂಶವನ್ನು ವಿಂಡೋಸಿನ ಆಳಕ್ಕೆ ಇಳಿಸುವ ಆಟಗಳು ಮಾತ್ರ ನಡೆಯುವುದಿಲ್ಲ. ಸ್ಟಾರ್‌ಡ್ಯೂ ವ್ಯಾಲಿ, ಹಾಲೋ ನೈಟ್, ಏಜ್ ಆಫ್ ಎಂಪೈರ್ಸ್ 2 ಇವಕ್ಕೆ ನಿಮ್ಮ ಯಂತ್ರ ಸಾಕು. ಮೊದಲನೆಯದನ್ನು ಎರಿಕ್ ಬ್ಯಾರೋನ್ ಎಂಬ ಒಬ್ಬನೇ ವ್ಯಕ್ತಿ ಚಿತ್ರ, ಸಂಗೀತ, ಪ್ರೋಗ್ರಾಂ ಎಲ್ಲವನ್ನೂ ತಾನೇ ಮಾಡಿ 2016ರಲ್ಲಿ ಹೊರತಂದ. ನೂರಾರು ಜನ ಸೇರಿ ಮಾಡಿದ ಎಷ್ಟೋ ಆಟಗಳಲ್ಲಿ ಅದರ ಅರ್ಧದಷ್ಟು ಜೀವವೂ ನನಗೆ ಕಂಡಿಲ್ಲ.

ಪ್ರಶ್ನೆ: ಯುಪಿಎಸ್ ಇದ್ದರೂ, ಆಟ ಆಡುವಾಗ ಕರೆಂಟ್ ಹೋದರೆ ಕಂಪ್ಯೂಟರ್ ತಟ್ಟನೆ ಆಫ್ ಆಗುತ್ತದೆ. ಬರೆಯುವ ಕೆಲಸದಲ್ಲಿದ್ದಾಗ ಕರೆಂಟ್ ಹೋದರೆ ಏನೂ ಆಗುವುದಿಲ್ಲ. ಬೇಸಿಗೆಯಲ್ಲಿ ಈ ತೊಂದರೆ ಹೆಚ್ಚು. ಕಾರಣವೇನು?
— ಶಿಕ್ಷಕರು, ಕಲಬುರಗಿ

ಉತ್ತರ: ಕಾರಣದ ಮುಖ್ಯ ಭಾಗ ನಿಮ್ಮ ಪ್ರಶ್ನೆಯಲ್ಲಿಯೇ ಇದೆ. ಪತ್ರ ಬರೆಯುವಾಗ ಇಡೀ ಕಂಪ್ಯೂಟರ್ ನೂರು ವ್ಯಾಟ್‌ಗಿಂತ ಕಡಿಮೆಯಲ್ಲಿ ನಡೆಯಬಹುದು. ಅದೇ ಕಂಪ್ಯೂಟರ್ ಆಟದಲ್ಲಿ ಮುನ್ನೂರು ವ್ಯಾಟ್ ದಾಟುತ್ತದೆ. ಮನೆಗಳಲ್ಲಿ ಕಾಣುವ ಸಾಮಾನ್ಯ 600 ವಿಎ ಯುಪಿಎಸ್‌ನ ನಿಜವಾದ ಸಾಮರ್ಥ್ಯ 360 ವ್ಯಾಟ್ ಆಸುಪಾಸಿನದು. ಡಬ್ಬದ ಮೇಲೆ ದಪ್ಪಕ್ಷರದಲ್ಲಿರುವುದು ವಿಎ ಅಂಕಿ, ಲೆಕ್ಕಕ್ಕೆ ಬರುವುದು ವ್ಯಾಟ್ ಅಂಕಿ. ಮಾನಿಟರ್, ಸ್ಪೀಕರ್, ರೂಟರ್ ಎಲ್ಲವನ್ನೂ ಅದಕ್ಕೇ ಸಿಕ್ಕಿಸಿದ್ದರೆ ಕರೆಂಟ್ ಹೋದ ಕ್ಷಣದಲ್ಲಿ ಹೊರೆ ಮಿತಿಯನ್ನು ಮೀರುತ್ತದೆ, ಯುಪಿಎಸ್ ತನ್ನನ್ನು ತಾನು ಉಳಿಸಿಕೊಳ್ಳಲು ಎಲ್ಲವನ್ನೂ ಆರಿಸುತ್ತದೆ.

ಬೇಸಿಗೆಯ ಪಾತ್ರವೂ ಇದೆ. ಒಳಗಿರುವ ಸೀಸದ ಆಮ್ಲದ ಬ್ಯಾಟರಿಗೆ ಬಿಸಿಯೇ ದೊಡ್ಡ ಶತ್ರು. ನಿಮ್ಮೂರಿನಲ್ಲಿ ನಲವತ್ತು ಡಿಗ್ರಿ ದಾಟುವ ದಿನಗಳಲ್ಲಿ, ಮೇಜಿನ ಕೆಳಗೆ ಗೋಡೆಗೆ ಒತ್ತಿಕೊಂಡು ಕುಳಿತ ಯುಪಿಎಸ್‌ನ ಬ್ಯಾಟರಿ, ಕಾಗದದ ಮೇಲಿನ ಆಯುಷ್ಯವನ್ನು ಮುಟ್ಟುವುದಿಲ್ಲ. ಬಲಗುಂದಿದ ಬ್ಯಾಟರಿ ಸಣ್ಣ ಹೊರೆಯನ್ನು ಹೊರುತ್ತದೆ, ದೊಡ್ಡ ಹೊರೆ ಬಿದ್ದ ಕೂಡಲೇ ಅದರ ವೋಲ್ಟೇಜ್ ಕುಸಿಯುತ್ತದೆ. ಮೂರನೆಯ ಕಾರಣವೊಂದಿದೆ, ಅದನ್ನು ಅಂಗಡಿಯವರು ಹೇಳುವುದು ಕಡಿಮೆ. ಈಗಿನ ಒಳ್ಳೆಯ ಪವರ್ ಸಪ್ಲೈಗಳಲ್ಲಿ ಆ್ಯಕ್ಟಿವ್ ಪಿಎಫ್‌ಸಿ ಎಂಬ ವ್ಯವಸ್ಥೆ ಇರುತ್ತದೆ. ಅಗ್ಗದ ಯುಪಿಎಸ್‌ಗಳು ಬ್ಯಾಟರಿಯಲ್ಲಿದ್ದಾಗ ಕೊಡುವ ಮೆಟ್ಟಿಲು ಮೆಟ್ಟಿಲಾದ ತರಂಗದ ಜತೆ ಅಂಥ ಕೆಲವು ಸಪ್ಲೈಗಳು ಹೊಂದಿಕೊಳ್ಳುವುದಿಲ್ಲ.

ಮೊದಲು ಮಾಡಬೇಕಾದ್ದು ಖರ್ಚಿಲ್ಲದ ಕೆಲಸ. ಯುಪಿಎಸ್‌ಗೆ ಪಿಸಿ ಮತ್ತು ಮಾನಿಟರ್ ಬಿಟ್ಟು ಉಳಿದದ್ದನ್ನು ತೆಗೆಯಿರಿ. ಆಟದಲ್ಲಿ ಫ್ರೇಮ್ ಮಿತಿಯನ್ನು, ಅಂದರೆ ಸೆಕೆಂಡಿಗೆ ಮೂಡುವ ಚಿತ್ರಗಳ ಮಿತಿಯನ್ನು, 60ಕ್ಕೆ ಇಡಿ. ಮಿತಿ ಇಲ್ಲದಿದ್ದರೆ ಕಾರ್ಡ್ ನಿಮ್ಮ ಮಾನಿಟರ್ ತೋರಿಸಲಾಗದ ಫ್ರೇಮ್‌ಗಳನ್ನೂ ತಯಾರಿಸುತ್ತಾ ವಿದ್ಯುತ್ ನುಂಗುತ್ತದೆ, ಕೋಣೆಯನ್ನೂ ಕಾಯಿಸುತ್ತದೆ. ಇಷ್ಟರಲ್ಲಿ ಸರಿಹೋಗದಿದ್ದರೆ ಬ್ಯಾಟರಿ ಬದಲಿಸಿ, ಅದಕ್ಕೂ ಬಗ್ಗದಿದ್ದರೆ 1000 ವಿಎ ಅಥವಾ ಅದಕ್ಕಿಂತ ದೊಡ್ಡ, ಶುದ್ಧ ಸೈನ್ ತರಂಗ ಕೊಡುವ ಯುಪಿಎಸ್ ನೋಡಿ. ಮನೆಯ ಇನ್ವರ್ಟರ್‌ಗೆ ಪಿಸಿ ಸಿಕ್ಕಿಸಿರುವವರು ಅದರ ಹಿಂಬದಿಯಲ್ಲಿರುವ ಯುಪಿಎಸ್ ಮೋಡ್ ಗುಂಡಿಯನ್ನು ಒಮ್ಮೆ ಪರೀಕ್ಷಿಸಿ. ಸಾಮಾನ್ಯ ಮೋಡ್‌ನಲ್ಲಿ ಕರೆಂಟ್ ಬದಲಾಗುವ ಅಂತರವು ಫ್ಯಾನಿಗೆ ಗೊತ್ತಾಗದಿದ್ದರೂ ಕಂಪ್ಯೂಟರಿಗೆ ಗೊತ್ತಾಗುತ್ತದೆ.

ಪವರ್ ಸಪ್ಲೈ ವಿಷಯದಲ್ಲಿ ಮಾತ್ರ ನಾನು ಹಟಮಾರಿ. ಕಾರ್ಡಿನಲ್ಲಿ ಒಂದು ಮೆಟ್ಟಿಲು ಕೆಳಗಿಳಿದರೂ ಚಿಂತೆಯಿಲ್ಲ. ಪೆಟ್ಟಿಗೆಯ ಜತೆ ಉಚಿತವಾಗಿ ಬರುವ ಹೆಸರಿಲ್ಲದ ಸಪ್ಲೈ ಬೇಡವೇ ಬೇಡ.

ಪ್ರಶ್ನೆ: ಫ್ರೇಮ್ ಜನರೇಷನ್, ಅಪ್‌ಸ್ಕೇಲಿಂಗ್ ಎಲ್ಲವೂ ಕಂಪನಿಗಳು ಮಾಡುವ ಮೋಸ, ಅವು ನಿಜವಾದ ಫ್ರೇಮ್‌ಗಳೇ ಅಲ್ಲ ಎಂದು ಗೆಳೆಯರು ವಾದಿಸುತ್ತಾರೆ. ನಿಮ್ಮ ನಿಲುವೇನು?
— ಓದುಗರು, ಮೈಸೂರು

ಉತ್ತರ: ಆಟಗಳ ಚಿತ್ರವು ಎಂದೂ ನಿಜವಾಗಿರಲಿಲ್ಲ. 1993ರ ಡೂಮ್ ಆಟವನ್ನು ಮೂರು ಆಯಾಮದ ಲೋಕವೆಂದು ನಾವೆಲ್ಲ ನಂಬಿ ಆಡಿದೆವು. ಅದರ ನಕ್ಷೆ ಕಾಗದದ ಮೇಲೆ ಗೆರೆ ಎಳೆದಂಥ ಸಪಾಟು ನಕ್ಷೆ. ಒಂದು ಕೋಣೆಯ ಮೇಲೆ ಇನ್ನೊಂದು ಕೋಣೆ ಇರಲು ಅದರಲ್ಲಿ ಸಾಧ್ಯವೇ ಇರಲಿಲ್ಲ. ಎದುರು ಬರುವ ರಾಕ್ಷಸರು ಚಪ್ಪಟೆ ಚಿತ್ರಗಳು, ಅವರಲ್ಲಿ ಕೆಲವರಂತೂ ಜೇಡಿಮಣ್ಣಿನ ಬೊಂಬೆ ಮಾಡಿ ಸುತ್ತಲಿನಿಂದ ಚಿತ್ರ ಹಿಡಿದು ಸೇರಿಸಿದವರು. ಆ ಕಾಲದ ಪ್ರೊಸೆಸರ್‌ನಲ್ಲಿ ಅಷ್ಟು ವೇಗ ಸಿಕ್ಕಿದ್ದು ಇಂಥ ಚಾತುರ್ಯದಿಂದಲೇ. ಹಾಗಾಗಿ ಉಪಾಯ ಮಾಡಿದರು ಎಂಬುದು ನನಗೆ ದೂರಲ್ಲ. ಉಪಾಯ ಆಡುವವನಿಗೆ ಏನು ಕೊಟ್ಟಿತು ಎಂಬುದಷ್ಟೇ ಪ್ರಶ್ನೆ.

ಆ ದೃಷ್ಟಿಯಿಂದ ಅಪ್‌ಸ್ಕೇಲಿಂಗ್ ಮತ್ತು ಫ್ರೇಮ್ ಜನರೇಷನ್ ಎರಡೂ ಒಂದೇ ಅಲ್ಲ. ಕಡಿಮೆ ಬಿಂದುಗಳಲ್ಲಿ ಚಿತ್ರ ಬಿಡಿಸಿ ದೊಡ್ಡದು ಮಾಡುವ ಅಪ್‌ಸ್ಕೇಲಿಂಗ್‌ನಿಂದ ಕಾರ್ಡಿನ ಹೊರೆ ನಿಜವಾಗಿಯೂ ಇಳಿಯುತ್ತದೆ, ಆಟ ಕೈಗೆ ಚುರುಕಾಗಿ ಸಿಗುತ್ತದೆ. ಎಎಮ್‌ಡಿ 2021ರಲ್ಲಿ ತಂದ ಎಫ್‌ಎಸ್‌ಆರ್ ಎಂಬ ಅಪ್‌ಸ್ಕೇಲಿಂಗ್ ತಂತ್ರವು ಬೇರೆ ಕಂಪನಿಯ ಹಳೆಯ ಕಾರ್ಡುಗಳಲ್ಲೂ ನಡೆಯುವಂತಿತ್ತು. 2016ರ ಜಿಟಿಎಕ್ಸ್ 1060 ಇಟ್ಟುಕೊಂಡವರಿಗೆ, ಸ್ವತಃ ಎನ್‌ವಿಡಿಯಾ ಕೊಡದ ಆಯುಷ್ಯವನ್ನು ಅದರ ಎದುರಾಳಿ ಕೊಟ್ಟಂತಾಯಿತು. ಫ್ರೇಮ್ ಜನರೇಷನ್ ಹಾಗಲ್ಲ. ಎರಡು ಫ್ರೇಮ್‌ಗಳ ನಡುವೆ ಊಹಿಸಿದ ಫ್ರೇಮ್ ಸೇರಿಸುವುದರಿಂದ ಚಲನೆ ನಯವಾಗಿ ಕಾಣುತ್ತದೆ, ಆದರೆ ನೀವು ಮೌಸ್ ಒತ್ತಿದ್ದಕ್ಕೆ ಆಟ ಸ್ಪಂದಿಸುವ ವೇಗ ಹೆಚ್ಚುವುದಿಲ್ಲ. ಮುಂದಿನ ಫ್ರೇಮ್‌ಗಾಗಿ ಕಾಯಬೇಕಾದ್ದರಿಂದ ತುಸು ತಡವೇ ಆಗುತ್ತದೆ. ಮೊದಲೇ 60 ಫ್ರೇಮ್ ಬರುತ್ತಿದ್ದರೆ ಅದು ಸೊಗಸು. 25 ಫ್ರೇಮ್‌ನಲ್ಲಿ ತೆವಳುವ ಆಟಕ್ಕೆ ಅದನ್ನು ಹಚ್ಚಿ ನೂರು ಬಂತೆಂದು ಜಾಹೀರಾತಿನಲ್ಲಿ ಹಾಕುವುದನ್ನು ಮೋಸವೆಂದು ಕರೆಯಲು ನನ್ನ ಅಡ್ಡಿಯಿಲ್ಲ.

ಬೆಳಕಿನ ಕಿರಣಗಳನ್ನು ಲೆಕ್ಕ ಹಾಕುವ ರೇ ಟ್ರೇಸಿಂಗ್ ಬಗ್ಗೆಯೂ ಇಲ್ಲಿಯೇ ಒಂದು ಮಾತು. 2018ರಲ್ಲಿ ಆರ್‌ಟಿಎಕ್ಸ್ 20 ಸರಣಿಯ ಜತೆ ಅದು ಬಂದಾಗ ಆರಿಸಿ ಇಡಬಹುದಾದ ಅಲಂಕಾರವಾಗಿತ್ತು. 2024ರ ಇಂಡಿಯಾನಾ ಜೋನ್ಸ್ ಆಂಡ್ ದ ಗ್ರೇಟ್ ಸರ್ಕಲ್, 2025ರ ಡೂಮ್: ದ ಡಾರ್ಕ್ ಏಜಸ್ ಆಟಗಳು ಆ ಸೌಲಭ್ಯವಿಲ್ಲದ ಕಾರ್ಡಿನಲ್ಲಿ ಆಡಲು ಬರುವುದಿಲ್ಲ. ದೊಡ್ಡ ಹೊಸ ಆಟಗಳೇ ಬೇಕೆನ್ನುವವರು ಇನ್ನು ಹಳೆಯ ಜಿಟಿಎಕ್ಸ್ ಕಾರ್ಡ್ ಕೊಳ್ಳಬಾರದು.

ಪ್ರಶ್ನೆ: ಹೊಸ ಮಾನಿಟರ್ ಕೊಳ್ಳಬೇಕಾಗಿದೆ. 4ಕೆ ಒಳ್ಳೆಯದೋ, 144 ಹರ್ಟ್ಸ್ ಒಳ್ಳೆಯದೋ?
— ಓದುಗರು, ಹುಬ್ಬಳ್ಳಿ

ಉತ್ತರ: ಮಧ್ಯಮ ದರ್ಜೆಯ ಕಾರ್ಡಿದ್ದರೆ ಎರಡನೆಯದು. 1080ಪಿ ಪರದೆಯಲ್ಲಿ ಸುಮಾರು 20.7 ಲಕ್ಷ ಬಿಂದುಗಳು, 4ಕೆ ಪರದೆಯಲ್ಲಿ ಅದರ ನಾಲ್ಕು ಪಟ್ಟು. ಅಷ್ಟನ್ನೂ ಪ್ರತಿ ಫ್ರೇಮ್‌ಗೆ ತುಂಬುವ ಕಾರ್ಡಿನ ಬೆಲೆ ಮಾನಿಟರಿನ ಬೆಲೆಗಿಂತ ಎಷ್ಟೋ ಹೆಚ್ಚು. ಹರ್ಟ್ಸ್ ಎಂದರೆ ಪರದೆ ಸೆಕೆಂಡಿಗೆ ಎಷ್ಟು ಬಾರಿ ಚಿತ್ರ ಬದಲಿಸುತ್ತದೆ ಎಂಬ ಲೆಕ್ಕ. 60 ಹರ್ಟ್ಸ್ ಪರದೆಯಲ್ಲಿ ಪ್ರತಿ ಚಿತ್ರ 16.7 ಮಿಲಿಸೆಕೆಂಡ್ ನಿಂತಿರುತ್ತದೆ, 144ರಲ್ಲಿ 6.9. ಈ ವ್ಯತ್ಯಾಸವನ್ನು ಆಟದಲ್ಲಷ್ಟೇ ಅಲ್ಲ, ಬರಿದೇ ಪುಟ ಸರಿಸುವಾಗಲೂ ಕಣ್ಣು ಗುರುತಿಸುತ್ತದೆ. 144ರಿಂದ 240ಕ್ಕೆ ಏರಿದಾಗ ನನ್ನ ಕಣ್ಣಿಗೆ ಅಂಥದ್ದೇನೂ ಕಾಣಲಿಲ್ಲ. ಕೌಂಟರ್ ಸ್ಟ್ರೈಕ್‌ನಲ್ಲಿ ಸ್ಪರ್ಧೆಗಿಳಿಯುವ ಹುಡುಗರಿಗೆ ಕಾಣಬಹುದು. ನನ್ನ ಆಯ್ಕೆ 27 ಇಂಚು, 1080ಪಿಗೂ 4ಕೆಗೂ ನಡುವಿನ 1440ಪಿ, 144 ಹರ್ಟ್ಸ್ ಅಥವಾ ಮೇಲ್ಪಟ್ಟು, ಐಪಿಎಸ್ ಎಂಬ ಬಗೆಯ ಪರದೆ. ತಂದ ಮೇಲೆ ವಿಂಡೋಸಿನ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಹರ್ಟ್ಸ್ ಅಂಕಿಯನ್ನು ಬದಲಿಸಲು ಮರೆಯದಿರಿ. 144ಕ್ಕೆ ಹಣ ಕೊಟ್ಟು 60ರಲ್ಲೇ ಆಡುತ್ತಿರುವವರ ಮನೆಗಳನ್ನು ನಾನು ನೋಡಿದ್ದೇನೆ.

ಪ್ರಶ್ನೆ: ಸೈಬರ್ ಸೆಂಟರ್‌ಗಳಲ್ಲಿ ಆಡುತ್ತಿದ್ದ ಪ್ರಾಜೆಕ್ಟ್ ಐಜಿಐ, ಕ್ರಿಕೆಟ್ 07 ಆಟಗಳನ್ನು ಈಗಿನ ಕಂಪ್ಯೂಟರಿನಲ್ಲಿ ಆಡುವುದು ಹೇಗೆ? ಹಳೆಯ ಸಿಡಿ ಇದೆ, ನಡೆಯುತ್ತಿಲ್ಲ.
— ಓದುಗರು, ಬಳ್ಳಾರಿ

ಉತ್ತರ: ಗಂಟೆಗಿಷ್ಟು ಎಂದು ಕೊಟ್ಟು ಆಡಿದ ಪೀಳಿಗೆಗೆ ಐಜಿಐ ಕೊಟ್ಟ ಕಷ್ಟ ಚೆನ್ನಾಗಿ ನೆನಪಿರಬೇಕು. ನಾರ್ವೆಯ ಇನ್ನರ್‌ಲೂಪ್ ಸ್ಟುಡಿಯೋಸ್ 2000ದಲ್ಲಿ ಹೊರತಂದ ಆ ಆಟದಲ್ಲಿ ಕಾರ್ಯಾಚರಣೆಯ ನಡುವೆ ಸೇವ್ ಮಾಡುವ ವ್ಯವಸ್ಥೆಯೇ ಇರಲಿಲ್ಲ. ಕೊನೆಯ ಬಾಗಿಲಿನ ಬಳಿ ಗುಂಡು ತಗಲಿದರೂ ಮೊದಲಿನಿಂದ ಶುರು. ಈಗಿನ ವಿಮರ್ಶಕರು ಅದನ್ನು ದೋಷವೆನ್ನುತ್ತಾರೆ. ನನಗೆ ಅದೇ ಆಟದ ಬಿಗಿ ಅನ್ನಿಸುತ್ತದೆ, ಏಕೆಂದರೆ ಬೇಲಿ ಕತ್ತರಿಸುವ ಮೊದಲು ದುರ್ಬೀನಿನಲ್ಲಿ ಇಡೀ ನೆಲೆಯನ್ನು ನೋಡಿಕೊಳ್ಳುವ ಶಿಸ್ತನ್ನು ಕಲಿಸಿದ್ದು ಆ ಭಯವೇ.

ಸಿಡಿ ನಡೆಯದಿರುವುದಕ್ಕೆ ನಿಮ್ಮ ಡ್ರೈವ್ ಕಾರಣವಾಗಿರಬೇಕೆಂದಿಲ್ಲ. ಆ ಕಾಲದ ಅನೇಕ ಆಟಗಳ ಸಿಡಿಗಳಿಗೆ ನಕಲು ತಡೆಯಲೆಂದು ಸೇಫ್‌ಡಿಸ್ಕ್, ಸೆಕ್ಯುರಾಂ ಮುಂತಾದ ಬೀಗಗಳನ್ನು ಹಾಕಿದ್ದರು. ಭದ್ರತೆಯ ಕಾರಣಕ್ಕೆ ವಿಂಡೋಸ್ 10ರಿಂದ ಅವುಗಳಿಗೆ ಬೆಂಬಲ ನಿಂತಿತು. ಹೀಗೆ ದುಡ್ಡು ಕೊಟ್ಟು ಕೊಂಡವರ ಸಿಡಿಯೇ ನಿರುಪಯೋಗಿಯಾಯಿತು. ಹಳೆಯ ಆಟ ಬೇಕೆಂದಾಗ ಮೊದಲು ನೋಡಬೇಕಾದ ಜಾಗ ಗಾಗ್. 2008ರಲ್ಲಿ ಆರಂಭವಾದ ಈ ಮಳಿಗೆ ಹಳೆಯ ಆಟಗಳನ್ನು ಈಗಿನ ವಿಂಡೋಸ್‌ಗೆ ಹೊಂದಿಸಿ, ಬೀಗವಿಲ್ಲದೆ ಮಾರುತ್ತದೆ. ಅಲ್ಲಿ ಸಿಗದೆ ಸಿಡಿಯನ್ನೇ ನೆಚ್ಚಿದರೆ, ಹಳೆಯ ಡೈರೆಕ್ಟ್‌ಎಕ್ಸ್ ಆಟಗಳ ಮಾತನ್ನು ಹೊಸ ಕಾರ್ಡಿಗೆ ತಿಳಿಯುವಂತೆ ಮಾಡುವ ಡಿಜಿವೂಡೂ ಎಂಬ ಉಚಿತ ತಂತ್ರಾಂಶವಿದೆ. ಪಾತ್ರಗಳು ಗಡಿಬಿಡಿಯಲ್ಲಿ ಓಡಾಡಿದರೆ ಫ್ರೇಮ್ ಮಿತಿ ಹಾಕಿ. ಆ ಕಾಲದ ಕೆಲವು ಆಟಗಳು ಫ್ರೇಮ್ ಲೆಕ್ಕದ ಮೇಲೆಯೇ ಸಮಯ ಅಳೆಯುತ್ತಿದ್ದವು.

ಕ್ರಿಕೆಟ್ 07ರ ಕಥೆ ಬೇರೆ. 2006ರ ಕೊನೆಗೆ ಬಂದ ಅದರ ನಂತರ, ಅದನ್ನು ತಂದ ಇಎ ಕಂಪನಿ ಪಿಸಿಗೆ ಇನ್ನೊಂದು ಕ್ರಿಕೆಟ್ ಆಟ ತರಲೇ ಇಲ್ಲ. 2008ರ ಏಪ್ರಿಲ್ 18ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಐಪಿಎಲ್‌ನ ಮೊದಲ ಪಂದ್ಯದಲ್ಲಿ ಮೆಕ್ಲಮ್ 158 ಹೊಡೆಯುವ ಹೊತ್ತಿಗೆ ಆ ಆಟ ಹಳೆಯದಾಗತೊಡಗಿತ್ತು. ಐಪಿಎಲ್ ತಂಡಗಳು ಅದರಲ್ಲಿ ಇರುವ ಮಾತೇ ಇರಲಿಲ್ಲ. ಅಭಿಮಾನಿಗಳೇ ಜೆರ್ಸಿ, ಮೈದಾನ, ಆಟಗಾರರ ಮುಖ, ಬ್ಯಾಟಿನ ಸ್ಟಿಕ್ಕರ್‌ವರೆಗೂ ಬದಲಿಸುವ ಪ್ಯಾಚ್‌ಗಳನ್ನು ಮಾಡುತ್ತಾ ಅದನ್ನು ಇಂದಿಗೂ ಉಳಿಸಿಕೊಂಡು ಬಂದಿದ್ದಾರೆ. ಬಿಗ್ ಆ್ಯಂಟ್ ಸ್ಟುಡಿಯೋದ ಕ್ರಿಕೆಟ್ 24 ಚಿತ್ರದಲ್ಲಿ ಎಷ್ಟೋ ಮುಂದಿದೆ. ಆದರೂ ಅರ್ಧ ಗಂಟೆಯಲ್ಲಿ ಐದು ಓವರಿನ ಪಂದ್ಯ ಮುಗಿಸಿ ಏಳುವ ಸುಖಕ್ಕೆ ನಾನು ಈಗಲೂ ಹಳೆಯದನ್ನೇ ತೆರೆಯುತ್ತೇನೆ. ಪ್ಯಾಚ್ ಇಳಿಸಿಕೊಳ್ಳುವಾಗ ಮಾತ್ರ ಎಚ್ಚರ: ಆಂಟಿವೈರಸ್ ಆರಿಸಿ ಎಂದು ಕೇಳುವ ಫೈಲನ್ನು ಮುಟ್ಟಬೇಡಿ.

ಪ್ರಶ್ನೆ: ಸ್ಟೀಮ್‌ನಲ್ಲಿ ಕೊಂಡ ಆಟ ನಿಜವಾಗಿ ನಮ್ಮದೇ?
— ಓದುಗರು, ಉಡುಪಿ

ಉತ್ತರ: ಕಾನೂನಿನ ಪ್ರಕಾರ ಅಲ್ಲ, ನೀವು ಕೊಂಡಿದ್ದು ಆಡುವ ಪರವಾನಗಿ. ಸ್ಟೀಮ್ ಈಗ ಹಣ ಪಾವತಿಸುವ ಪುಟದಲ್ಲಿಯೇ ಅದನ್ನು ತಿಳಿಸುತ್ತದೆ. ಹಾಗೆಂದು ಎಲ್ಲ ಆಟಗಳ ಅಪಾಯವೂ ಒಂದೇ ಮಟ್ಟದ್ದಲ್ಲ. ಯೂಬಿಸಾಫ್ಟ್ 2014ರಲ್ಲಿ ತಂದ ದ ಕ್ರ್ಯೂ ಎಂಬ ಕಾರು ಓಟದ ಆಟ ಸದಾ ಸರ್ವರ್ ಸಂಪರ್ಕ ಬೇಡುತ್ತಿತ್ತು. 2024ರ ಮಾರ್ಚ್ 31ರಂದು ಸರ್ವರ್ ನಿಲ್ಲಿಸಿದಾಗ ಒಬ್ಬರೇ ಆಡುವ ಭಾಗವೂ ಸೇರಿ ಇಡೀ ಆಟ ಸತ್ತಿತು. ಅದರ ಮರುತಿಂಗಳೇ ಆಟಗಳನ್ನು ಹೀಗೆ ಕೊಲ್ಲಬಾರದೆಂಬ ಗ್ರಾಹಕರ ಚಳವಳಿ ಆರಂಭವಾಯಿತು, ಅದಕ್ಕೆ ನನ್ನ ಪೂರ್ಣ ಬೆಂಬಲವಿದೆ. ಒಬ್ಬರೇ ಆಡುವ ಆಟಕ್ಕೂ ಇಂಟರ್‌ನೆಟ್ ಕಡ್ಡಾಯ ಎಂದು ಬರೆದಿದ್ದರೆ ನಾನು ಪೂರ್ಣ ಬೆಲೆ ಕೊಡುವುದಿಲ್ಲ.

ಪ್ರಶ್ನೆ: ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಬಳಸಿದ ಗ್ರಾಫಿಕ್ಸ್ ಕಾರ್ಡ್ ಕೊಳ್ಳಬಹುದೇ? ಕ್ರಿಪ್ಟೊ ಗಣಿಗಾರಿಕೆಗೆ ದುಡಿಸಿದ ಕಾರ್ಡ್ ಇರಬಹುದೆಂಬ ಭಯ.
— ಓದುಗರು, ತುಮಕೂರು

ಉತ್ತರ: 2022ರ ಸೆಪ್ಟೆಂಬರಿನಲ್ಲಿ ಎಥೀರಿಯಂ ಎಂಬ ಕ್ರಿಪ್ಟೊ ಜಾಲವು ಇಂಥ ಗಣಿಗಾರಿಕೆ ಬೇಡದ ಪದ್ಧತಿಗೆ ಬದಲಾದ ಮೇಲೆ ಅಂಥ ಕಾರ್ಡುಗಳು ರಾಶಿಯಾಗಿ ಮಾರುಕಟ್ಟೆಗೆ ಬಂದದ್ದು ನಿಜ. ಸ್ಥಿರವಾದ ಹೊರೆಯಲ್ಲಿ ದುಡಿದ ಚಿಪ್ ಅಷ್ಟು ಸುಲಭವಾಗಿ ಕೆಡುವುದಿಲ್ಲ, ಸವೆಯುವುದು ಫ್ಯಾನು ಮತ್ತು ಮೆಮೊರಿಯ ಮೇಲಿನ, ಬಿಸಿಯನ್ನು ಸಾಗಿಸುವ ಥರ್ಮಲ್ ಪ್ಯಾಡು. ಅಂಗಡಿಯಲ್ಲಿಯೇ ಕಾರ್ಡನ್ನು ಸಿಕ್ಕಿಸಿಸಿ, ಅರ್ಧ ಗಂಟೆಯಾದರೂ ಭಾರವಾದ ಪರೀಕ್ಷೆ ಓಡಿಸಿ, ಉಷ್ಣತೆ ನೋಡಿ, ಪರದೆಯಲ್ಲಿ ಚುಕ್ಕೆ ಚೌಕಗಳು ಬರುತ್ತವೆಯೇ ಗಮನಿಸಿ. ಇದಕ್ಕೆ ಒಪ್ಪದ ಅಂಗಡಿಯಿಂದ ಮುಂದೆ ನಡೆಯಿರಿ. ಆ ರಸ್ತೆಯಲ್ಲಿ ಅಂಗಡಿಗಳಿಗೇನು ಬರವಿಲ್ಲ. ಬಿಲ್ ಇಲ್ಲದೆ ಕೊಳ್ಳಬೇಡಿ. ಕರಾವಳಿಯಲ್ಲಿ ಬಳಸಿದ ಕಾರ್ಡಾದರೆ ಸ್ಕ್ರೂಗಳಿಗೂ ತಂತಿ ಸಿಕ್ಕಿಸುವ ಪಿನ್ನುಗಳಿಗೂ ತುಕ್ಕು ಹಿಡಿದಿದೆಯೇ ಎಂದು ಟಾರ್ಚ್ ಹಾಕಿ ನೋಡಿ.

ಪ್ರಶ್ನೆ: ರ‍್ಯಾಮ್ ಬೆಲೆ ಏಕೆ ಹೀಗೆ ಏರಿದೆ? ಕಾಯಬೇಕೆ?
— ಓದುಗರು, ಹಾಸನ

ಉತ್ತರ: ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್‌ಗಳನ್ನು ಸಗಟಾಗಿ ಎತ್ತಿಕೊಳ್ಳುತ್ತಿರುವುದರಿಂದ 2025ರ ಕೊನೆಯ ತಿಂಗಳುಗಳಲ್ಲಿ ಬೆಲೆ ವಿಪರೀತ ಏರಿತು. ಕೈಯಲ್ಲಿ 16 ಜಿಬಿ ಇದ್ದವರು ಅದರಲ್ಲೇ ಆಡಿಕೊಂಡಿರಿ. ಇಂದಿನ ಬಹುತೇಕ ಆಟಗಳಿಗೆ ಅಷ್ಟು ಸಾಕು. ಹೊಸದಾಗಿ ಕಟ್ಟುವವರು ಡಿಡಿಆರ್4 ಎಂಬ ಹಿಂದಿನ ಪೀಳಿಗೆಯ ಮೆಮೊರಿ ಬಳಸುವ ಹಳೆಯ ಎಎಮ್4 ಬೋರ್ಡು, ರ‍್ಯಾಮ್ ಸಮೇತ ಪರಿಚಯದವರ ಬಳಿ ಸಿಗುತ್ತದೆಯೇ ಎಂದು ವಿಚಾರಿಸಿ.

ಪ್ರಶ್ನೆ: ಮೆಕ್ಯಾನಿಕಲ್ ಕೀಬೋರ್ಡ್ ಕೊಂಡರೆ ಆಟ ಸುಧಾರಿಸುತ್ತದೆಯೇ?
— ಪಿಯುಸಿ ವಿದ್ಯಾರ್ಥಿನಿ, ಚಿಕ್ಕಮಗಳೂರು

ಉತ್ತರ: ಇಲ್ಲ. ಟೈಪು ಮಾಡುವ ಸುಖ ಹೆಚ್ಚುತ್ತದೆ, ಬಾಳಿಕೆಯೂ ಹೆಚ್ಚು. ಆಟಕ್ಕೆ ಸಹಾಯವಾಗುವುದು ಕೈಗೆ ಒಪ್ಪುವ ಮೌಸ್ ಮತ್ತು ಅಗಲವಾದ ಬಟ್ಟೆಯ ಮೌಸ್ ಪ್ಯಾಡ್. ಮೆಕ್ಯಾನಿಕಲ್ ಬೇಕೇ ಬೇಕೆಂದರೆ ನೀಲಿ ಸ್ವಿಚ್ಚಿನದನ್ನು ಬಿಟ್ಟು ಕೆಂಪು ಸ್ವಿಚ್ಚಿನದನ್ನು ತೆಗೆದುಕೊಳ್ಳಿ, ನೀಲಿಯ ಟಕಟಕ ಸದ್ದಿಗೆ ರಾತ್ರಿ ಮನೆಯವರೆಲ್ಲ ಎದ್ದು ಕುಳಿತಾರು.